ಸದ್ದಿಲ್ಲದ ತಂಡ

"ಕತ್ತೆ ಮುಂಡೇವಾ, ಚಾದರ ಮಡಿಚೋದು ಹಿಂಗಾ? ಕೈಯಲ್ಲಿ ಮಡಿಚ್ತೀರೋ, ಕಾಲಲ್ಲಿ ಮಡಿಚ್ತೀರೋ?"

ಹೀಗೆಂದು ಮ್ಯಾನೇಜರು ಚಾದರವನ್ನು ನನ್ನ ಮುಖಕ್ಕೆ ಎಸೆದದ್ದು ಶುಕ್ರವಾರ. ಸೋಮವಾರ ಅದೇ ಮನುಷ್ಯ ಬಂದು ಕೈಮುಗಿದು, "ನಮಸ್ಕಾರ, ನನ್ನ ಕುಟುಂಬದವರೇ" ಎಂದ. ನಾವು ಹನ್ನೊಂದು ಹೆಂಗಸರು ಹಿಂದೆ ತಿರುಗಿ ನೋಡಿದೆವು, ಅವನ ಹೆಂಡತಿ ಮಕ್ಕಳೇನಾದರೂ ಬಂದಿದ್ದಾರೋ ಎಂದು.

ನಡುವಿನ ಎರಡು ದಿನ ಕಂಪನಿ ಅವನನ್ನು ಒಳ್ಳೆಯ ನಾಯಕನಾಗುವ ತರಬೇತಿಗೆ ಕಳಿಸಿತ್ತಂತೆ. ಹೋಟೆಲುಗಳ ಚಾದರ ಒಗೆದು ಇಸ್ತ್ರಿ ಮಾಡಿ ಕಳಿಸುವ ಕಾರ್ಖಾನೆ ನಮ್ಮದು. ನಮ್ಮದು ಎಂದು ಹೇಳಿಕೊಟ್ಟವನೂ ಅವನೇ.

ಅಂದೇ ನನ್ನನ್ನು ಟೀಮ್ ಲೀಡರ್ ಮಾಡಿದ. ಹದಿನಾಲ್ಕು ವರ್ಷ ದುಡಿದಿದ್ದೇನೆಂದಲ್ಲ. ಏಳನೇ ಕ್ಲಾಸು ಓದಿದ್ದೆ, ಸಹಿ ಹಾಕಲು ಬರುತ್ತಿತ್ತು. ತಲೆಗೊಂದು ಹಳದಿ ಟೋಪಿ ಇಟ್ಟ. ಟೋಪಿ ಹಾಕುವುದು ಅವನಿಗೇನೂ ಹೊಸದಲ್ಲ. ಆದರೂ ನಿಜ ಹೇಳುತ್ತೇನೆ, ನನಗೆ ಖುಷಿಯಾಯಿತು.

"ಅತ್ತಿಗೆ, ಇದನ್ನ ಮನೇಲೂ ಹಾಕ್ಕೊಳ್ಳಿ. ಅಣ್ಣ ಒಂದಿನಾನಾದ್ರೂ ಪಾತ್ರೆ ತೊಳೀತಾನೇನೋ" ಎಂದು ನಾದಿನಿ ನಕ್ಕಳು. ನಾವಿಬ್ಬರೂ ಒಂದೇ ಬಿಸಿ ರೋಲರಿನ ಮೇಲೆ ದುಡಿಯುವವರು. ಈ ಬದಿಯಲ್ಲಿ ನಾನು ಚಾದರ ಇಟ್ಟು ಪೆಡಲ್ ಒತ್ತಿದರೆ ರೋಲರು ತಿರುಗುತ್ತದೆ, ಹೊರಬಂದ ಚಾದರವನ್ನು ಆ ಬದಿಯಲ್ಲಿ ಅವಳು ಹಿಡಿದೆಳೆಯಬೇಕು. ನಡುವೆ ಹಬೆ, ಒಬ್ಬರಿಗೊಬ್ಬರು ಕಾಣುವುದಿಲ್ಲ. ಅದಕ್ಕೇ ಅವಳು ಕೈ ಹಿಂದಕ್ಕೆ ತೆಗೆದುಕೊಂಡ ಮೇಲೆ ಯಂತ್ರದ ತಗಡನ್ನು ಎರಡು ಸಲ ತಟ್ಟುತ್ತಿದ್ದಳು. ಆ ತಟ್ಟು ಕೇಳಿಸಿದರಷ್ಟೇ ನಾನು ಪೆಡಲ್ ಒತ್ತುವುದು. ಇದನ್ನು ನಮಗೆ ಹೇಳಿಕೊಟ್ಟವಳು ಬೆರಳು ಕಳೆದುಕೊಂಡು ಕೆಲಸ ಬಿಟ್ಟ ಒಬ್ಬ ಮುದುಕಿ.

ಮಂಗಳವಾರ ಮ್ಯಾನೇಜರು ಅದನ್ನು ನಿಲ್ಲಿಸಿದ. "ಒಳ್ಳೇ ತಂಡದಲ್ಲಿ ಸದ್ದಿರಬಾರದು. ತಟ್ತಾ ಕೂತ್ರೆ ಟೈಮ್ ವೇಸ್ಟ್. ಐದು ಎಣಿಸಿ, ಒತ್ತಿ. ಒಬ್ಬರ ಮೇಲೊಬ್ಬರಿಗೆ ನಂಬಿಕೆ ಬೇಕು."

"ಸಾರ್, ನಂಬಿಕೆ ಇದೆ. ಕೈ ಎಲ್ಲಿದೆ ಅಂತ ಗೊತ್ತಾಗಲ್ಲ" ಎಂದೆ.

ಅವನು ಎದೆಯ ಮೇಲೆ ಕೈಯಿಟ್ಟು, ತಲೆ ಓರೆ ಮಾಡಿ ಪೂರ್ತಿ ಕೇಳಿಸಿಕೊಂಡ. "ನಿಮ್ಮ ಆತಂಕ ನನಗೆ ಅರ್ಥ ಆಗುತ್ತೆ" ಎಂದ. ಆಮೇಲೆ, ತಟ್ಟಿದವಳು ನಾಳೆಯಿಂದ ಬರುವುದು ಬೇಡ ಎಂದ.

ನಾನು ತಲೆಯಾಡಿಸಿದೆ. ಉಳಿದವರಿಗೂ ಹೇಳಿದೆ. ಲೀಡರಲ್ಲವೇ.

ಗುರುವಾರ ಒಂದು ಚಾದರ ಆ ಬದಿಯಲ್ಲಿ ಸಿಕ್ಕಿಕೊಂಡಿತು. ನಾದಿನಿ ಅದನ್ನು ಬಿಡಿಸುತ್ತಿದ್ದದ್ದು ನನಗೆ ಕಾಣಲಿಲ್ಲ. ಐದು ಎಣಿಸಿದೆ, ಒತ್ತಿದೆ. ಅವಳ ಬಲಗೈಯ ಮೂರು ಬೆರಳು ಹೋದವು.

ಮಾರನೆಯ ದಿನ ಮ್ಯಾನೇಜರು ನನ್ನನ್ನು ಆಫೀಸಿಗೆ ಕರೆದು ಕುರ್ಚಿ ಕೊಟ್ಟ. ಹದಿನಾಲ್ಕು ವರ್ಷದಲ್ಲಿ ಮೊದಲ ಸಲ. ಮುಂದೆ ಒಂದು ಟೈಪು ಮಾಡಿದ ಹಾಳೆ ಇಟ್ಟ: ಕೆಲಸಗಾರ್ತಿಯ ಅಜಾಗರೂಕತೆಯಿಂದ ಅಪಘಾತ.

"ಇದಕ್ಕೆ ಸಹಿ ಹಾಕಿದ್ರೆ ಅವಳ ಆಸ್ಪತ್ರೆ ಖರ್ಚಿನ ಗತಿ ಏನು ಸಾರ್? ಕೆಲಸ?"

"ಕಂಪನಿಗೆ ಸಂಬಂಧ ಇಲ್ಲ. ನೋಡಮ್ಮಾ, ಲೀಡರ್ ಅಂದ್ಮೇಲೆ ಕಷ್ಟದ ನಿರ್ಧಾರ ತಗೋಬೇಕು."

"ತಟ್ಟಬೇಡಿ ಅಂದೋರು ನೀವಲ್ವಾ?"

"ಆಗಿದ್ದು ಆಗೋಯ್ತು, ಮುಂದಿಂದು ನೋಡೋಣ." ನಗುತ್ತಲೇ ಹೇಳಿದ: "ಪೆಡಲ್ ಒತ್ತಿದ ಕಾಲು ಯಾರ್ದು ಅಂತ ಪೊಲೀಸ್ರಿಗೆ ಹೇಳ್ಬೇಕಾದ್ರೆ ಹೇಳ್ತೀನಿ."

ನಾನು ಮೇಜಿನ ಮೇಲಿದ್ದ ಪೆನ್ನು ತೆಗೆದುಕೊಂಡೆ. ಹಾಳೆ ಮಗುಚಿದೆ. ಹಿಂಬದಿ ಖಾಲಿಯಿತ್ತು. ಬರೆದೆ: ಪೆಡಲ್ ಒತ್ತಿದ್ದು ನಾನು. ತಟ್ಟಬಾರದೆಂದು ಹೇಳಿದ್ದು ಮ್ಯಾನೇಜರು. ಅಪಾಯ ಗೊತ್ತಿದ್ದೂ ತಲೆಯಾಡಿಸಿದ್ದು ನಾನೇ. ಕೆಳಗೆ ಸಹಿ ಹಾಕಿದೆ.

ಅವನು ಬಗ್ಗಿ ಓದಿದ. ಎರಡು ದಿನದ ತರಬೇತಿ ಅಷ್ಟೂ ಮುಖದಿಂದ ಇಳಿದುಹೋಯಿತು. "ಬೋಳಿಮುಂಡೆ, ಉಂಡ ಮನೆಗೇ ಎರಡು ಬಗೀತೀಯಾ? ತಾ ಇಲ್ಲಿ!"

ಕೊಡಲಿಲ್ಲ. ಹಾಳೆ ಹಿಡಿದು ಕೆಳಗೆ ಬಂದು ರೋಲರುಗಳನ್ನೆಲ್ಲ ನಿಲ್ಲಿಸಿ, ಉಳಿದ ಒಂಬತ್ತು ಜನರಿಗೂ ಗಟ್ಟಿಯಾಗಿ ಓದಿ ಹೇಳಿದೆ. "ಅವನು ಹೇಳಿದ್ದು ನಾವೂ ಕೇಳಿದ್ದೀವಿ" ಎಂದು ಒಬ್ಬಳು ಪೆನ್ನು ಕಿತ್ತುಕೊಂಡಳು. ಅವಳ ಹಿಂದೆ ಇನ್ನೊಬ್ಬಳು.

ಮ್ಯಾನೇಜರು ಬಾಗಿಲಲ್ಲಿ ನಿಂತು ಕೂಗಿದ. "ಸಹಿ ಹಾಕಿದ ಒಬ್ಬೊಬ್ಬಳಿಗೂ ನಾಳೆ ಗೇಟು ಬಂದ್!"

ಆರನೆಯವಳ ಕೈಯಲ್ಲಿ ಪೆನ್ನು ನಿಂತಿತು. ಅವಳ ಗಂಡ ಹಾಸಿಗೆ ಹಿಡಿದಿದ್ದಾನೆ. ಮನೆಗೆ ದುಡಿಯುವವಳು ಅವಳೊಬ್ಬಳೇ. ಅವಳು ನನ್ನ ಮುಖ ನೋಡಿದಳು.

ಅವಳು ಬಟ್ಟೆಗೆ ಕೈ ಒರೆಸಿಕೊಂಡಳು.

"ಅಕ್ಕಾ, ನನ್ ಹೆಸರು ಉದ್ದ ಇದೆ. ಜಾಗ ಬಿಡಿ" ಎಂದಳು.