ಅಳಿಯನ ಗುರಿ

ಗಿರಾಕಿಯ ಗಂಟಲ ಮೇಲೆ ಕತ್ತಿ ಆಡಿಸುವಾಗ ಆ ಕ್ಷೌರಿಕನ ಕೈ ಕೂದಲೆಳೆಯಷ್ಟೂ ನಡುಗುತ್ತಿರಲಿಲ್ಲ. ಅದೇ ಜಂಬದಲ್ಲಿ ಅವನು ಅತ್ತೆ ರೈಫಲ್ ಕಲಿಸುತ್ತಿದ್ದ ಕ್ಲಬ್ಬಿಗೆ ಸೇರಿದ. ಕ್ಲಬ್ಬಿನ ಜೋಡಿ ಸ್ಪರ್ಧೆಗೆ ಅತ್ತೆಗೆ ಮನೆಯವರೇ ಒಬ್ಬರು ಜೊತೆ ಬೇಕಿತ್ತು. ಮಗಳಿಗೋ, ಅಂದರೆ ಅವನ ಹೆಂಡತಿಗೋ, ಗುಂಡಿನ ಸದ್ದು ಕೇಳಿದರೇ ಆಗದು.

ಮೊದಲ ಗುಂಡು ಗುರಿಹಾಳೆಯ ಹಿಂದಿನ ಮಣ್ಣುದಿಬ್ಬ ಸೇರಿತು. ಬಂದೂಕು ಹಿಂದಕ್ಕೆ ಒದ್ದ ರಭಸಕ್ಕೆ ಅಳಿಯ ಹೆಗಲು ಹಿಡಿದುಕೊಂಡು ಕುಕ್ಕರಿಸಿದ.

"ಅಳಿಯಂದ್ರೇ, ಒದ್ದೆ ಮಾಡ್ಕೊಂಡಿರೋ ಕೂಸಿನ ಥರ ಅದನ್ನ ದೂರ ಹಿಡೀಬೇಡಿ," ಎಂದರು ಅತ್ತೆ. "ಹೆಗಲಿನ ಗುಳಿಗೆ ಒತ್ತಿ ಇಟ್ಕೊಳ್ಳಿ, ಸ್ವಲ್ಪ ಮುಂದಕ್ಕೆ ಬಾಗಿ. ಸಂದು ಬಿಟ್ರೆ ಗುದ್ದತ್ತೆ. ಅಳಿಯ ಅನ್ನೋ ಮರ್ಯಾದೆ ಎಲ್ಲಾ ಅದಕ್ಕೆ ಗೊತ್ತಿಲ್ಲ."

ಹಾಗೇ ಹಿಡಿದ ಮೇಲೆ ಹೆಗಲ ನೋವು ಇಳಿಯಿತು, ಗುಂಡು ಮಾತ್ರ ಗುರಿಯ ಕೆಳಗೇ ಹೋಗುತ್ತಿತ್ತು. ಅನುಮಾನ ಬಂದ ಅತ್ತೆ ಒಂದು ದಿನ ಅವನಿಗೆ ಹೇಳದೆ ಮದ್ದಿಲ್ಲದ ಗುಂಡು ತುಂಬಿ ಕೊಟ್ಟರು. ಅಳಿಯ ಟ್ರಿಗರ್ ಒತ್ತಿದ. 'ಟಿಕ್' ಎಂದಿತಷ್ಟೆ. ಆದರೂ ಅವನು ಕಣ್ಣು ಮುಚ್ಚಿ, ಹೆಗಲು ಕುಣಿಸಿ, "ಅಯ್ಯಮ್ಮಾ!" ಎಂದುಬಿಟ್ಟ. ಕ್ಲಬ್ಬಿಗೆ ಕ್ಲಬ್ಬೇ ಬಿದ್ದೂ ಬಿದ್ದೂ ನಕ್ಕಿತು.

"ಈಗ ಯಾರು ಒದ್ರು ನಿಮ್ಮನ್ನ?"

"ಯಾರೂ ಇಲ್ಲ ಅತ್ತೆ," ಎಂದ, ಮುಖ ಹುಳ್ಳಗೆ ಮಾಡಿಕೊಂಡು.

"ಅದೇ ನೋಡಿ. ಒದೆ ಬೀಳೋಕೆ ಮುಂಚೆನೇ ಬೆಚ್ಚಿ ಬಂದೂಕಿನ ಮೂತಿ ಕೆಳಗಿಳಿಸ್ತೀರಿ. ಅರ್ಧ ಉಸಿರು ಬಿಡಿ, ಮೆತ್ತಗೆ ಒತ್ತಿ. ಯಾವಾಗ ಸಿಡೀತು ಅಂತ ನಿಮಗೇ ಗೊತ್ತಾಗಬಾರದು."

ಅಂದಿನಿಂದ ಅವರು ನಿಜವಾದ ಗುಂಡುಗಳ ನಡುವೆ ಖಾಲಿ ಗುಂಡು ಬೆರೆಸತೊಡಗಿದರು. ಯಾವುದು ಸಿಡಿಯುವುದೋ ತಿಳಿಯದೆ ಅಳಿಯ ಮೆಲ್ಲಮೆಲ್ಲನೆ ಬೆಚ್ಚುವುದನ್ನೇ ಮರೆತ.

ಸ್ಪರ್ಧೆಯ ದಿನ ಅವನು ಐದು ಗುಂಡು ಹಾರಿಸಿದ. ರೆಪ್ಪೆ ಅಲುಗಲಿಲ್ಲ. ಗುರಿಹಾಳೆಗಳನ್ನು ತಂದು ನೋಡಿದರೆ ಅವನದು ತೊಳೆದಿಟ್ಟಂತಿತ್ತು, ಒಂದು ತೂತೂ ಇಲ್ಲ! ಪಕ್ಕದಲ್ಲಿ ಗುಂಡು ಹಾರಿಸಿದ್ದ ದಂತವೈದ್ಯೆಯ ಹಾಳೆಯ ನಟ್ಟನಡುವೆ ಐದು ತೂತು ಒಂದಕ್ಕೊಂದು ಅಂಟಿಕೊಂಡಿದ್ದವು. ಅವಳವು ಅಂಚಿನಲ್ಲಿ ಚೆದುರಿದ್ದವು.

"ನಡುವಿನವು ನನ್ನವಲ್ಲಪ್ಪ," ಎಂದಳು ಆಕೆ. "ನನ್ನ ಕೈಲಿ ಅಷ್ಟೆಲ್ಲ ಆಗಲ್ಲ."

ಪಕ್ಕದವಳ ಹಾಳೆಗೆ ಹೊಡೆದಿದ್ದ ಅಳಿಯನಿಗೆ ಸೊನ್ನೆ. ಜೋಡಿಯ ಬಹುಮಾನ ಕೈತಪ್ಪಿತು. ಭೂಮಿ ಬಾಯಿ ಬಿಡಬಾರದೇ ಎಂದು ಅವನು ತಲೆ ತಗ್ಗಿಸಿ ನಿಂತ. ಅತ್ತೆ ದಂತವೈದ್ಯೆಯ ಹಾಳೆಯನ್ನು ಬೆಳಕಿಗೆ ಹಿಡಿದು, ತೂತುಗಳ ಮೇಲೆ ಹೆಬ್ಬೆರಳಿಟ್ಟರು. ಐದೂ ಮುಚ್ಚಿಹೋದವು.

"ಡಾಕ್ಟ್ರೇ," ಎಂದರು, "ಇದನ್ನ ನಂಗೆ ಕೊಟ್ಬಿಡ್ತೀರಾ?"

ಈಗ ಅದು ಅತ್ತೆಯ ಮನೆಯ ಗೋಡೆಯ ಮೇಲಿದೆ, ಗಾಜಿನ ಚೌಕಟ್ಟಿನಲ್ಲಿ. ಬಂದವರಿಗೆಲ್ಲ, "ನಮ್ಮ ಅಳಿಯಂದ್ರು ಹೊಡೆದಿದ್ದು," ಎಂದು ತೋರಿಸುತ್ತಾರೆ. ಎಷ್ಟು ಅಂಕ ಬಂತೆಂದು ಯಾರಾದರೂ ಕೇಳಿದರೆ ಮಾತ್ರ, ಕಾಫಿ ತರುತ್ತೇನೆಂದು ಒಳಗೆ ಹೋಗಿಬಿಡುತ್ತಾರೆ.