ಉತ್ತರ ಬರುತ್ತಿಲ್ಲ

ಮತ್ತೆ ಅದೇ. ಉತ್ತರ ಬರುತ್ತಿಲ್ಲ.

ಕುಮಟಾದ ಕಾಲೇಜಿನ ಸ್ಟಾಫ್ ರೂಮಿನಲ್ಲಿ ಮಾಬ್ಲೇಶ್ವರ ಲ್ಯಾಪ್‌ಟಾಪಿನ ಎದುರು ಕೂತು, ಮನೆಯ ಕಂಪ್ಯೂಟರು ಪಾಸ್‌ವರ್ಡ್ ಕೇಳುವ ಸಾಲಿಗಾಗಿ ಕಾಯುತ್ತಿದ್ದ. ತಪ್ಪು ಪಾಸ್‌ವರ್ಡ್ ಎಂದಿದ್ದರೂ ಸಮಾಧಾನವಿತ್ತು. ಆಚೆ ಏನೋ ಇದೆ ಎಂದಾದರೂ ಆಗುತ್ತಿತ್ತು. ಅದೂ ಇಲ್ಲ.

ಮಂಕಿ ಊರಿನ ಮನೆಯ ಹಿಂದಿನ ಕೋಣೆಯಲ್ಲಿ ರೂಟರ್, ಹಳೆಯ ಕಂಪ್ಯೂಟರುಗಳು, ಇನ್ವರ್ಟರ್ ಇಟ್ಟು ಅದಕ್ಕೆ ಲ್ಯಾಬ್ ಎಂದು ಹೆಸರಿಟ್ಟಿದ್ದ. ಎಲ್ಲಿಂದ ಬೇಕಾದರೂ ನೆಟ್ ಮೂಲಕ ಅದರೊಳಗೆ ಹೋಗಬಹುದಿತ್ತು. ಮನೆಯಲ್ಲಿದ್ದಾಗಲೂ ಹೆಚ್ಚಾಗಿ ಅದರೊಳಗೇ ಇರುತ್ತಿದ್ದ.

ರೂಟರಿನ ವಿಳಾಸ ಬದಲಾಗಿದೆಯೇ ನೋಡಿದ. ಬದಲಾಗಿರಲಿಲ್ಲ. ಕಾಲೇಜಿನ ನೆಟ್ ತಡೆಯುತ್ತಿರಬಹುದೆಂದು ಮೊಬೈಲ್ ತೆಗೆದ. ಹೆಂಡತಿ ಮಾಲಿನಿಯ ಕರೆಗಳು ಸಾಲಾಗಿದ್ದವು. ಕ್ಲಾಸಿನಲ್ಲಿ ಸೈಲೆಂಟ್ ಮಾಡಿದ್ದು ಹಾಗೇ ಉಳಿದಿತ್ತು. ಒಳ್ಳೆಯದೇ ಆಯಿತು, ಅವಳನ್ನೇ ಕೇಳಬಹುದು.

"ರೂಟರಲ್ಲಿ ಎಂತ ಲೈಟ್ ಹತ್ತಿದೆ, ನೋಡು."

"ಎಷ್ಟ್ ಸಲ ಫೋನ್ ಮಾಡ್ದೆ. ದೊಡ್ಡಪ್ಪ ಹೋದ್ರು."

"ಎಲ್ಲಿಗೆ?"

ಸಾವಿನ ಸುದ್ದಿಗೆ ಹಾಗೆ ಕೇಳಿದ್ದು ತಾನೇ ಎಂದು ಅವನಿಗೆ ತಿಳಿಯಲು ತುಸು ಹೊತ್ತು ಹಿಡಿಯಿತು.

"ಬರ್ತೆ," ಎಂದ.

ಅಪ್ಪ ತೀರಿದ ಮೇಲೆ ಅವನನ್ನು ಸಾಕಿದವನು ದೊಡ್ಡಪ್ಪ ಜಟ್ಟಿ. ದೋಣಿಯಿಂದ ಇಳಿದವನೇ ಶಾಲೆಗೆ ಬಂದು, ಮೀನಿನ ವಾಸನೆಯ ಅಂಗಿಯಲ್ಲೇ ಮಾಸ್ತರರ ಎದುರು ನಿಂತು, 'ನಮ್ಮ ಹುಡುಗ' ಎನ್ನುತ್ತಿದ್ದ. ಬಸ್ಸಿನಲ್ಲಿ ಮಾಬ್ಲೇಶ್ವರ ಆ ಮುಖವನ್ನು ನೆನಪಿಗೆ ತರಲು ಹೆಣಗಿದ. ಅಂಗಿ ಬಂತು. ಮುಖ ಬರಲಿಲ್ಲ.

ಹೊನ್ನಾವರದ ಸೇತುವೆಯ ಕೆಳಗೆ ಶರಾವತಿ ಹೊಳೆಯುತ್ತಿತ್ತು. ತನ್ನ ಬೆರಳು ಫೋನಿನಲ್ಲಿ ಮತ್ತೆ ರೂಟರಿನ ವಿಳಾಸ ಒತ್ತುತ್ತಿರುವುದನ್ನು ಕಂಡ. ನಿಲ್ಲಿಸಲಿಲ್ಲ.

ಮನೆ ಮುಟ್ಟುವಾಗ ಮುಸ್ಸಂಜೆ. ಅಂಗಳದ ಜನ ದಾರಿ ಬಿಟ್ಟರು. ಹಿಂದಿನ ಕೋಣೆಯಲ್ಲಿ ಕಂಪ್ಯೂಟರುಗಳನ್ನು ಮೂಲೆಗೆ ಒತ್ತರಿಸಿ, ನಡುವೆ ಗಾಜಿನ ಮುಚ್ಚಳದ ಫ್ರೀಜರ್ ಪೆಟ್ಟಿಗೆ ಇಟ್ಟಿದ್ದರು. ಒಳಗೆ ದೊಡ್ಡಪ್ಪ.

"ಸುಚಿತಾ ಮುಂಬೈಯಿಂದ ಬರೂವರೆಗೆ ಇಡ್ಬೇಕಲ," ಎಂದ ದೊಡ್ಡಪ್ಪನ ಮಗ ಮಾದೇವ. ಸುಚಿತಾ ಅವನ ತಂಗಿ. "ಕರೆಂಟ್ ನಂಬೂಕಾಗೂದಿಲ್ಲ. ಇನ್ವರ್ಟರ್ ಇದ್ದದ್ದು ಇಲ್ಲೇ. ನಿನ್ನ ವೈರೆಲ್ಲ ಕಿತ್ ಹಾಕ್ದೆ. ಬೇಜಾರಿಲ್ವಲ?"

"ಎಂತ ಬೇಜಾರು."

ವಿಳಾಸವಲ್ಲ, ಕಾಲೇಜಿನ ನೆಟ್ ಅಲ್ಲ. ಉತ್ತರ ಬರದ ಕಾರಣ ಸಿಕ್ಕಿತ್ತು. ಎದೆಯಲ್ಲಿ ಏನೋ ಹಗುರಾಯಿತು. ಅದು ನೆಮ್ಮದಿ ಎಂದು ಗುರುತಿಸಿದ ಕೂಡಲೇ ಅವನಿಗೆ ಭಯವಾಯಿತು.

ಆಗಲೇ ಕರೆಂಟ್ ಹೋಯಿತು. ಇನ್ವರ್ಟರ್ ಗುಂಯ್ ಎಂದಿತು.

"ಎಷ್ಟೊತ್ತು ತಡೀತದೆ?" ಮಾಲಿನಿ ಕೇಳಿದಳು. ಎಲ್ಲರೂ ಅವನತ್ತ ತಿರುಗಿದರು.

"ನೋಡ್ತೆ."

ಯಾರ ಮುಖವನ್ನೂ ನೋಡಬೇಕಾಗದಂತೆ ಅವನು ಪ್ಲಗ್ಗುಗಳ ಕಡೆ ಬಗ್ಗಿದ. ಒಂದು ಸಾಕೆಟ್ ಖಾಲಿಯಿತ್ತು. ಪಕ್ಕದಲ್ಲೇ ರೂಟರಿನ ವೈರು ಬಿದ್ದಿತ್ತು. ಅದು ತಿನ್ನುವ ಕರೆಂಟಾದರೂ ಎಷ್ಟು. ಇಷ್ಟು ಯೋಚಿಸುವುದರೊಳಗೆ ಕೈ ಅದನ್ನು ಸಾಕೆಟ್ಟಿಗೆ ಸಿಕ್ಕಿಸಿ ಮುಗಿಸಿತ್ತು.

ರೂಟರಿನ ಪುಟ್ಟ ಹಸಿರು ದೀಪ ಮಿಟುಕತೊಡಗಿತು.

ಬಾಗಿಲಲ್ಲಿ ಕೂತಿದ್ದ ದೊಡ್ಡಮ್ಮ ಮಾಸ್ತಮ್ಮ ಅದನ್ನು ನೋಡಿ ಕೇಳಿದಳು, "ಪೆಟ್ಟಿಗೆ ಸರಿ ಆತಾ, ಮಗಾ?"

"ಆತು," ಎಂದ ಮಾಬ್ಲೇಶ್ವರ.

ಅವಳು ಆ ದೀಪದತ್ತ ಕೈ ಮುಗಿದಳು. ಕತ್ತಲ ಕೋಣೆಯಲ್ಲಿ ಆ ಹಸಿರು, ಮಂಜು ಹಿಡಿದ ಗಾಜಿನ ಮೇಲೆ, ಸತ್ತವನ ಮುಚ್ಚಿದ ಬಾಯಿಯ ಮೇಲೆ ಹತ್ತುತ್ತಿತ್ತು, ಆರುತ್ತಿತ್ತು, ಹತ್ತುತ್ತಿತ್ತು.