ನೋಡುವ ಊರು

ಬಾಣಂತಿಯರ ಸಾವಿನ ಬಗ್ಗೆ ನಡೆಯುತ್ತಿದ್ದ ಆ ಸಂಶೋಧನೆಯಲ್ಲಿ ಊರುಗಳಿಗೆ ಎರಡು ಜಾತಿ. ಮಾಲೂರು, ಶ್ರೀನಿವಾಸಪುರದ ಕಡೆಯವು ಔಷಧದ ಊರುಗಳು. ಅಲ್ಲಿ ಬಾಣಂತಿಯ ಮನೆಗೆ ನರ್ಸು ಹೋಗುತ್ತಿದ್ದಳು, ಗುಳಿಗೆ ಕೊಡುತ್ತಿದ್ದಳು, ಜ್ವರ ಬಂದರೆ ಸೂಜಿ ಹಾಕುತ್ತಿದ್ದಳು. ಮುಳಬಾಗಿಲಿನ ತಾಯಲೂರು ಸುತ್ತಲಿನವು ನೋಡುವ ಊರುಗಳು. ಇಲ್ಲಿ ಏನನ್ನೂ ಕೊಡುವಂತಿಲ್ಲ, ಏನನ್ನೂ ಹೇಳಿಕೊಡುವಂತಿಲ್ಲ. ಹೋಗುವುದು, ಕೇಳುವುದು, ಎದ್ದು ಬರುವುದು.

ಕೊಟ್ಟ ಊರಿಗೂ ಕೊಡದ ಊರಿಗೂ ಇರುವ ವ್ಯತ್ಯಾಸ ತೋರಿಸಿದರೆ ಸರ್ಕಾರ ಎಲ್ಲರಿಗೂ ಕೊಡಲೇಬೇಕಾಗುತ್ತದೆ ಎಂದು ಡಾಕ್ಟರ್ ಕೋದಂಡರಾಮಪ್ಪ ಹೇಳಿದ್ದರು. ಅವರು ಸುಳ್ಳು ಹೇಳುವ ಮನುಷ್ಯರಲ್ಲ. ವೇಮಗಲ್ ಕಡೆಯ ರಾಗಿ ಹೊಲದಿಂದ ಎದ್ದು ಬೆಂಗಳೂರಲ್ಲಿ ಡಾಕ್ಟರಾದವರು. ಅವರ ಕೈಕೆಳಗೆ ಮನೆಮನೆ ತಿರುಗುತ್ತಿದ್ದ ವೆಂಕಟರತ್ನಮ್ಮನಿಗೆ ನುಂಗಲಾಗದಿದ್ದದ್ದು ಇದೇ. ಮನುಷ್ಯ ಕೆಟ್ಟವನಾಗಿದ್ದರೆ ಬೈದು ಹಗುರಾಗಬಹುದಿತ್ತು.

ಎಂಬತ್ನಾಲ್ಕರ ಬೇಸಗೆಯ ಒಂದು ಬೆಳಿಗ್ಗೆ ಅವಳು ದೊಡ್ಡಗಂಗಮ್ಮನ ಮನೆ ಮುಂದೆ ಜೀಪಿಳಿದಳು. ಆ ಮನೆಯ ಸೊಸೆ ಆದಿಲಕ್ಷ್ಮಮ್ಮ ಚೊಚ್ಚಲು ಹೆತ್ತು ವಾರವಾಗಿತ್ತು. ನಡುಮನೆಯ ಬಾಗಿಲಿಗೆ ಒದ್ದೆ ಗೋಣಿ ತೂಗುಬಿಟ್ಟಿದ್ದರು. ಹೊಸ್ತಿಲ ಪಕ್ಕದ ಬೋಗುಣಿಯಲ್ಲಿ ಬ್ಲೀಚಿಂಗ್ ಪುಡಿ ಕಲಸಿದ ನೀರು. ದೊಡ್ಡಗಂಗಮ್ಮ ಅದರಲ್ಲಿ ಮೊಣಕೈವರೆಗೆ ಕೈ ಅದ್ದಿ ಉಜ್ಜಿ ಉಜ್ಜಿ ತೊಳೆಯುತ್ತಿದ್ದಳು.

“ನಿಲ್ಲಮ್ಮ ತಲ್ಲಿ, ಅಲ್ಲೇ ನಿಲ್ಲು! ಒಳಗೆ ಹುಳ ಅವೆ. ನಾಳೆಯೋ ನಾಳಿದ್ದೋ ಹಣ್ಣಾಗಿ ಗೂಡು ಕಟ್ತವೆ.”

“ಬಾಣಂತಿ ನೋಡೋಕೆ ಬಂದೆ ಅಜ್ಜಿ.”

“ಹಿಂದ್ಗಡೆ ಕೊಟ್ಟಿಗೇಲಿ ಅವ್ಳೆ. ಚೆನ್ನಾಗವ್ಳೆ ಅಂತ ಬರ್ಕೊಂಡು ಹೋಗು.”

“ಕೊಟ್ಟಿಗೇಲಾ?”

“ಇನ್ನೆಲ್ಲಿ ಮಲಗಿಸ್ಲಿ, ನಿನ್ನ ಜೀಪಲ್ಲಾ? ಬಾಣಂತಿ ಅಂದ್ರೆ ಬೆಳ್ಳುಳ್ಳಿ, ಸಾಂಬ್ರಾಣಿ ಹೊಗೆ. ಆ ವಾಸ್ನೆ ಹುಳಕ್ಕಾಗಲ್ಲ. ಮೈಲಿಗೆ ಬೇರೆ.”

ಗೋಣಿಯ ಆಚೆಯಿಂದ ಸಾವಿರಾರು ರೇಷ್ಮೆಹುಳುಗಳು ಹಿಪ್ಪುನೇರಳೆ ಸೊಪ್ಪು ಮೇಯುವ ಸರಸರ ಸದ್ದು ಬರುತ್ತಿತ್ತು. ನಡುಮನೆಯ ಮೂಲೆಯಲ್ಲಿ ಅವುಗಳಿಗೆ ಬೆಚ್ಚಗಿರಲೆಂದು ಇದ್ದಿಲ ಒಲೆಯೂ ಇತ್ತು.

ಕೊಟ್ಟಿಗೆಯಲ್ಲಿ, ಎಮ್ಮೆ ಕಟ್ಟುವ ಗೂಟದ ಪಕ್ಕ ರಾಗಿ ಹುಲ್ಲು ಹರಡಿ ಆದಿಲಕ್ಷ್ಮಮ್ಮನನ್ನು ಮಲಗಿಸಿದ್ದರು. ಮಗು ಅತ್ತು ಅತ್ತು ಸೊರಗಿ ನಿದ್ದೆಹೋಗಿತ್ತು. ವೆಂಕಟರತ್ನಮ್ಮ ಕೈಹಿಡಿದಳು, ಕಾದ ಹಂಚು. ಸೀರೆ ಸರಿಸಿದಾಗ ಕೊಳೆತ ವಾಸನೆ ಬಂತು, ಬೆರಳಿಗೆ ಕೀವು ಅಂಟಿತು. ಗರ್ಭಕೋಶಕ್ಕೆ ಕೀವು ಇಳಿದಿದೆ. ತರಬೇತಿಯಲ್ಲಿ ಇದನ್ನೇ ಹೇಳಿದ್ದರು: ಈ ವಾಸನೆಯೂ ಈ ಜ್ವರವೂ ಒಟ್ಟಿಗೆ ಬಂದರೆ ಆಸ್ಪತ್ರೆ, ಇಲ್ಲವಾದರೆ ಮಣ್ಣು.

“ನೀರು ಕೊಡಕ್ಕಾ,” ಎಂದಳು ಆದಿಲಕ್ಷ್ಮಮ್ಮ. “ಅತ್ತೆ ಕೊಡಲ್ಲ. ಹಸಿ ಮೈಗೆ ನೀರು ಬಿದ್ರೆ ಊದ್ಕೋತದಂತೆ.”

ನೋಡುವ ಊರಲ್ಲಿ ನೀರು ಕೊಡುವುದೂ ಕೊಡುವುದೇ? ವೆಂಕಟರತ್ನಮ್ಮ ತನ್ನ ಬಾಟಲಿಯನ್ನು ಅವಳ ಬಾಯಿಗಿಟ್ಟಳು. ಅದು ಖಾಲಿಯಾಗುವವರೆಗೆ ತೆಗೆಯಲಿಲ್ಲ.

ಹೊರಗೆ ಬಂದರೆ ಗಂಡ ಮುನಿರಾಮಪ್ಪ ಸೊಪ್ಪು ಕೊಚ್ಚುತ್ತಿದ್ದ. ನಿದ್ದೆಗೆಟ್ಟ ಕಣ್ಣು ಕೆಂಡವಾಗಿತ್ತು.

“ನಿನ್ನ ಹೆಂಡ್ತಿ ಸಾಯ್ತಾವ್ಳೆ ಕಣಪ್ಪ. ಈಗ್ಲೇ ಮುಳಬಾಗಿಲು ಆಸ್ಪತ್ರೆಗೆ ಸಾಗಿಸ್ಬೇಕು. ಜೀಪೈತೆ.”

ಅವನ ಕೈ ನಿಂತಿತು. ತಾಯಿಯ ಮುಖ ನೋಡಿದ.

“ಆಗಾಕಿಲ್ಲ,” ಎಂದಳು ದೊಡ್ಡಗಂಗಮ್ಮ. “ಹುಳ ಹಣ್ಣಾಗೋವಾಗ ಮನೆಯಿಂದ ಏನೂ ಆಚೆ ಹೋಗ್ಬಾರ್ದು. ಪಕ್ಕದ್ಮನೆಗೆ ಮಜ್ಜಿಗೆ ಕೂಡ ಕೊಡಲ್ಲ ನಾವು. ಗೂಡು ಕಟ್ಲಿ, ಆಮೇಲೆ ಗಾಡಿ ಹೂಡಿ ಕಳಿಸ್ತೀವಿ.”

“ಗೂಡು ಕಟ್ಟೋ ತನಕ ಇರಲ್ಲ ಅವ್ಳು!”

“ನಾನು ಏಳು ಹೆತ್ತೋಳು. ಜ್ವರ ನೋಡಿಲ್ವಾ?”

“ಏಳರಲ್ಲಿ ಎಷ್ಟು ಉಳಿದವೆ ಅಜ್ಜಿ?”

ಮುದುಕಿ ಬೋಗುಣಿಯ ಕಡೆ ತಿರುಗಿದಳು. ಮುನಿರಾಮಪ್ಪ ಮತ್ತೆ ಕತ್ತಿ ಎತ್ತಿದ. ಡ್ರೈವರ್ ಸೊಣ್ಣಪ್ಪ ದೂರದಿಂದಲೇ ತಲೆ ಅಲ್ಲಾಡಿಸಿದ: “ಬನ್ನಿ ಮೇಡಂ, ನಮಗ್ಯಾಕೆ? ಸಾಹೇಬ್ರಿಗೆ ಏನು ಉತ್ತರ ಹೇಳೋದು?”

ಕೇಳುವುದು, ಎದ್ದು ಬರುವುದು. ಎದ್ದು ಬರಬೇಕಾದ ಹೊತ್ತು ಅದು. ವೆಂಕಟರತ್ನಮ್ಮನ ಕಾಲು ಜೀಪಿನ ಕಡೆ ಎರಡು ಹೆಜ್ಜೆ ಹಾಕಿಯೂ ಇತ್ತು. ಆಮೇಲೆ ಏನಾಯಿತೋ, ತಿರುಗಿ ದಡದಡನೆ ಹೊಸ್ತಿಲು ಹತ್ತಿ, ಗೋಣಿಯನ್ನು ಮೊಣಕೈಯಿಂದ ತಳ್ಳಿ, ಹುಳುಮನೆಯ ಬಾಗಿಲಲ್ಲಿ ನಿಂತುಬಿಟ್ಟಳು. ಎರಡೂ ಕೈ ಮುಂದೆ ಚಾಚಿದ್ದಳು.

“ನೋಡಿ ಈ ಕೈನ! ನಿಮ್ಮ ಸೊಸೆ ಕೀವು ಮುಟ್ಟಿ ಬಂದಿರೋ ಕೈ. ತೊಳೆದಿಲ್ಲ. ಅವಳನ್ನ ಎತ್ತಿ ಜೀಪಿಗೆ ಹಾಕ್ತೀರೋ, ಇಲ್ಲ ಒಂದೊಂದು ಹುಳದ ತಟ್ಟೆಗೂ ಈ ಕೈ ಆಡಿಸ್ಲೋ?”

“ಅಯ್ಯಯ್ಯೋ! ನಿನ್ನ ಕೈ ಸೇದೋಗ! ಹೆಣ್ಣೇನೇ ನೀನು?” ದೊಡ್ಡಗಂಗಮ್ಮ ಎದೆ ಬಡಿದುಕೊಂಡಳು. ಆದರೆ ಹತ್ತಿರ ಬರಲಿಲ್ಲ. ಆ ಕೈ ಎಲ್ಲಿ ತಗಲೀತೋ ಎಂಬ ಭಯ.

“ಹುಳಕ್ಕೆ ಮೊಣಕೈ ತನಕ ತೊಳೀತೀಯಲ್ಲ, ಸೊಸೆ ಹೆರಿಗೆ ಮಾಡ್ಸಿದ ದಿನ ತೊಳ್ಕೊಂಡ್ಯಾ? ಹೇಳು!”

ಮುದುಕಿ ಎದೆ ಬಡಿದುಕೊಳ್ಳುವುದನ್ನು ಬಿಟ್ಟಳು. ಆಮೇಲೆ ಅವಳು ಕೂಗಲಿಲ್ಲ. ಕೂಗಿದ್ದರೇ ಚೆನ್ನಾಗಿರುತ್ತಿತ್ತು.

“ಯಾರು ಹೇಳಿದ್ರು ನಂಗೆ? ರೇಷ್ಮೆ ಇಲಾಖೆಯೋರು ಹುಳಕ್ಕೆ ತೊಳ್ಕೊ ಅಂದ್ರು, ತೊಳ್ಕೊಂಡೆ. ನೀನೂ ಬರ್ತಿದ್ಯಲ್ಲ, ಇವಳು ಬಸುರಿ ಆದಾಗಿಂದ. ಏನು ಉಂಡ್ಳು, ಎಷ್ಟು ಮಲಗಿದ್ಳು, ಬರೀ ಕೇಳಿದ್ದೇ ಕೇಳಿದ್ದು. ನಿಂಗೆ ಗೊತ್ತಿತ್ತಲ್ಲ? ಒಂದು ದಿನನಾದ್ರೂ ಕೈ ತೊಳ್ಕೊ ಗಂಗಮ್ಮ ಅಂದ್ಯಾ?”

ವೆಂಕಟರತ್ನಮ್ಮನ ಕೈ ಗಾಳಿಯಲ್ಲೇ ನಿಂತಿತ್ತು. ಹೇಳುವಂತಿರಲಿಲ್ಲ ಎಂದು ಈ ಮುದುಕಿಗೆ ಯಾವ ಭಾಷೆಯಲ್ಲಿ ಹೇಳುವುದು? ನೀವು ತಪ್ಪು ಮಾಡುವುದನ್ನು ನೋಡಿಕೊಂಡು ಇರಲೆಂದೇ ನನ್ನನ್ನು ಇಟ್ಟಿದ್ದಾರೆ ಎಂದು ಕನ್ನಡದಲ್ಲಿ ಹೇಳುವುದೋ, ತೆಲುಗಿನಲ್ಲೋ?

“ಇಲ್ಲ. ಅನ್ನಲಿಲ್ಲ,” ಎಂದಳು. ಕೈ ಮಾತ್ರ ಇಳಿಸಲಿಲ್ಲ. “ಈಗ ಅಂತಿದೀನಿ. ಎತ್ತಿ.”

ಮುನಿರಾಮಪ್ಪ ಕತ್ತಿ ಎಸೆದು ಕೊಟ್ಟಿಗೆಗೆ ಓಡಿದ. ಹೆಂಡತಿಯನ್ನು ಮಗುವಿನಂತೆ ತೋಳಿಗೆ ಹಾಕಿಕೊಂಡು ಬಂದ. ಅದು ಹೆಂಡತಿಗಾಗಿಯೋ ಹುಳುವಿಗಾಗಿಯೋ ಎಂದು ವಿಚಾರಿಸಲು ಯಾರಿಗೂ ಪುರುಸೊತ್ತಿರಲಿಲ್ಲ. ದೊಡ್ಡಗಂಗಮ್ಮ ಕೂಸನ್ನು ಹಳೆ ಸೀರೆಯಲ್ಲಿ ಸುತ್ತಿ, ಜೀಪಿನಲ್ಲಿ ಕೂತ ಮಗನ ಮಡಿಲಿಗಿಟ್ಟಳು. “ಒಳ್ಳೇದಾದ್ರೆ ಸರಿ. ಹುಳ ಹಾಳಾದ್ರೆ ನಿನ್ನ ಮನೆ ಮುಂದೆ ಬಂದು ಮಣ್ಣು ತೂರ್ತೀನಿ,” ಎಂದಳು. ಸೊಣ್ಣಪ್ಪ ಗೊಣಗುತ್ತಲೇ ಹೊರಟವನು ಹಳ್ಳ ದಿಣ್ಣೆ ನೋಡದೆ ಓಡಿಸಿದ. ಜೀಪು ಎತ್ತಿ ಹಾಕಿದಾಗೆಲ್ಲ ಆದಿಲಕ್ಷ್ಮಮ್ಮ ನರಳಿದಳು. ನರಳಾಟ ನಿಂತಾಗ ವೆಂಕಟರತ್ನಮ್ಮ ಅವಳ ಕೆನ್ನೆ ತಟ್ಟಿ ಎಬ್ಬಿಸಿದಳು. ದಾರಿಯುದ್ದಕ್ಕೂ ಅದೇ.

ಮಾರನೆಯ ಸಂಜೆಗೆ ಜ್ವರ ಇಳಿಯಿತು. ಇನ್ನೊಂದು ದಿನ ತಡವಾಗಿದ್ದರೆ ಕೈಮೀರುತ್ತಿತ್ತು, ಇನ್ನು ಉಳಿಯುತ್ತಾಳೆ ಎಂದರು ಆಸ್ಪತ್ರೆಯ ವೈದ್ಯೆ. ಆದಿಲಕ್ಷ್ಮಮ್ಮ ಎದ್ದು ಕೂತು ಮಗುವಿಗೆ ಮೊಲೆ ಕೊಡುತ್ತಿದ್ದ ಹೊತ್ತಿಗೇ ಕೋದಂಡರಾಮಪ್ಪನವರ ಕಾರು ಬಂತು. ಅವರು ಬಾಗಿಲಲ್ಲಿ ನಿಂತು ತಾಯಿ ಮಗುವನ್ನು ನೋಡಿದರು. ನಿಜವಾಗಿಯೂ ಸಂತೋಷಪಟ್ಟರು. ಆಮೇಲೆ ವೆಂಕಟರತ್ನಮ್ಮನನ್ನು ವರಾಂಡಕ್ಕೆ ಕರೆದರು.

“ಆ ಮನೆಯನ್ನ ಲೆಕ್ಕದಿಂದ ಬಿಡ್ಬೇಕಾಗ್ತದೆ ರತ್ನಮ್ಮ. ನೀವು ಕೈ ಹಾಕಿದ್ರಿ.”

“ಸತ್ತಿದ್ರೆ ಸಾರ್?”

ಅವರು ಕನ್ನಡಕ ತೆಗೆದು ಒರೆಸಿದರು. “ಸತ್ತಿದ್ರೆ ಇಟ್ಕೋಬೇಕಾಗಿತ್ತು.”

“ಹಂಗಾದ್ರೆ ನಿಮ್ಮ ಲೆಕ್ಕಕ್ಕೆ ಇವಳು ಸತ್ತಿದ್ರೇ ಅನುಕೂಲ.”

“ಅಷ್ಟು ಕೆಟ್ಟವನಲ್ಲ ನಾನು.”

“ಗೊತ್ತು ಸಾರ್. ನೀವು ಒಳ್ಳೆಯವರು. ಒಳ್ಳೆಯವರು ಸಾವು ಎಣಿಸ್ತಾ ಕೂತ್ರೆ ಯಾರು ಬಂದು ತಡೀಬೇಕು? ಕೈ ತೊಳ್ಕೊಳಿ ಅನ್ನೋಕೆ ಎಷ್ಟು ವರ್ಷದ ಸಂಶೋಧನೆ ಬೇಕು ನಿಮಗೆ? ನಿಮ್ಮ ಅಕ್ಕ ತಂಗೀರು ವೇಮಗಲ್ಲಲ್ಲಿ ಹೆತ್ರೂ ಹಿಂಗೇ ನೋಡ್ತಾ ನಿಂತಿರ್ತಿದ್ರಾ?”

ಅವರ ಮುಖ ಕಪ್ಪಿಟ್ಟಿತು. “ಸೋಮವಾರದಿಂದ ನೀವು ಬರೋದು ಬೇಡ,” ಎಂದರು. ದನಿ ಮೆತ್ತಗೆಯೇ ಇತ್ತು.

ಆದಿಲಕ್ಷ್ಮಮ್ಮನಿಗೆ ಹೋಗಿಬರುತ್ತೇನೆಂದು ಹೇಳಿ ವೆಂಕಟರತ್ನಮ್ಮ ರಸ್ತೆಗಿಳಿದಳು. ಮುಳಬಾಗಿಲು ಬಸ್‌ಸ್ಟ್ಯಾಂಡಿನಲ್ಲಿ ತಾಯಲೂರಿನ ಬಸ್ಸು ಹೊರಡಲು ಗುರುಗುಟ್ಟುತ್ತಿತ್ತು. ಆ ಕಡೆಯ ಇನ್ನೊಂದು ಊರಲ್ಲಿ ಮುನಿಶಾಮಮ್ಮ ಎಂಬ ತುಂಬುಬಸುರಿ ಇದ್ದಳು; ಅವಳ ಮನೆಯವರಿಗೂ ಕೈ ತೊಳೆದುಕೊಳ್ಳಿ ಎಂದು ಯಾರೂ ಹೇಳಿರಲಿಲ್ಲ. ವೆಂಕಟರತ್ನಮ್ಮನಿಗೆ ಇನ್ನು ಸಂಬಳ ಇಲ್ಲ, ಜೀಪಿಲ್ಲ. ಒಳಗೆ ಬಿಡುತ್ತಾರೋ, ನಾಯಿ ಛೂ ಬಿಡುತ್ತಾರೋ ಗೊತ್ತಿರಲಿಲ್ಲ.

“ಕೂತ್ಕೊಳ್ಳಮ್ಮ, ಸೀಟು ಖಾಲಿ ಐತಲ್ಲ,” ಎಂದ ಕಂಡಕ್ಟರು.

“ಬೇಡ. ಬೇಗ ರೈಟ್ ಹೇಳಪ್ಪ,” ಎಂದು ಅವಳು ಬಾಗಿಲ ಕಂಬಿ ಹಿಡಿದು ನಿಂತೇ ಇದ್ದಳು.